ಮೂರು ಸ್ವಿಚ್ಚಿಗೆ ಒಂದೇ ಹಿಡಿ

ಬ್ಯಾಟರಿ ಕೋಣೆಯ ಗೋಡೆಯ ಮೇಲೆ ಮೂರು ಸ್ವಿಚ್ಚುಗಳಿದ್ದವು. ಅವಕ್ಕೆ ಹಿಡಿ ಮಾತ್ರ ಒಂದೇ. ಗೇಣುದ್ದದ ಕಬ್ಬಿಣದ ಹಿಡಿ, ತುದಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿತ್ತು. ಅದು ಯಾವ ಸ್ವಿಚ್ಚಿನಲ್ಲಿ ಕೂತಿರುತ್ತದೋ ಆ ಸಾಲಿನ ಬ್ಯಾಟರಿಗಳು ಇಡೀ ಆಸ್ಪತ್ರೆಯನ್ನು ನಡೆಸುತ್ತಿದ್ದವು. ಸ್ವಿಚ್ಚು ಆರಿಸದೆ ಹಿಡಿ ಕಳಚಿ ಬರುತ್ತಿರಲಿಲ್ಲ. ಆರಿಸಿ, ಕಳಚಿ, ಮೂರು ಹೆಜ್ಜೆ ನಡೆದು, ಮುಂದಿನದಕ್ಕೆ ಸಿಕ್ಕಿಸಿ ತಿರುಗಿಸಲು ಎಂಟು ಎಣಿಸುವಷ್ಟು ಹೊತ್ತು ಬೇಕಾಗುತ್ತಿತ್ತು. ಅಷ್ಟು ಹೊತ್ತು ಆಸ್ಪತ್ರೆಯ ಎಲ್ಲ ಸದ್ದೂ ನಿಂತುಹೋಗುತ್ತಿತ್ತು.

ವಿದ್ಯುತ್ ಕಂಬಗಳು ಘಾಟಿಯ ಬುಡದವರೆಗೆ ಬಂದು ಅಲ್ಲೇ ನಿಂತಿದ್ದವು. ಮೇಲಿದ್ದ ನಮ್ಮೂರಿನ ಎಂಟು ಹಾಸಿಗೆಯ ಆಸ್ಪತ್ರೆಗೆ ಸೂರ್ಯನೇ ಗತಿ. ಚಾವಣಿಯ ಫಲಕಗಳು ಹಗಲೆಲ್ಲ ಮೂರು ಸಾಲು ಬ್ಯಾಟರಿಗಳನ್ನು ತುಂಬುತ್ತಿದ್ದವು. ಮೊದಲೆರಡಕ್ಕೆ ಹಿರಿಯಕ್ಕ, ಕಿರಿಯಕ್ಕ ಎಂದು ಹೆಸರು. ಮೂರನೆಯದು ಮುದುಕಿ. ಅದು ಎಷ್ಟು ಉಣಿಸಿದರೂ ಮೈಹತ್ತದ ಸಾಲು.

ಈ ಹೆಸರುಗಳನ್ನಿಟ್ಟವರು ಮರಿಯಪ್ಪ ಮೇಸ್ತ್ರಿ. ಬ್ಯಾಟರಿ ಕೋಣೆಯ ಕೆಲಸವನ್ನು ನನಗೆ ಹನ್ನೊಂದು ವರ್ಷ ಕಲಿಸಿದವರು. ಸ್ವಿಚ್ಚುಗಳು ಬಂದಾಗ ಮೂರು ಹಿಡಿಗಳಿದ್ದವಂತೆ. ಎರಡನ್ನು ಅವರೇ ಗರಗಸದಿಂದ ಕೊಯ್ದು ಬಾವಿಗೆ ಎಸೆದಿದ್ದರಂತೆ. ಯಾಕೆಂದು ಕೇಳಿದರೆ, "ಮೊದ್ಲು ಬಿಡ್ಬೇಕು, ಆಮೇಲೆ ಹಿಡೀಬೇಕು. ಅಷ್ಟು ಸಾಕು ನಿಂಗೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಮುದುಕರ ಹಟ ಎಂದುಕೊಂಡು ನಾನೂ ಸುಮ್ಮನಾಗಿದ್ದೆ.

ನಾನು ಹೇಳಹೊರಟ ಆ ವಾರ ಅದೇ ಮೇಸ್ತ್ರಿ ಗೋಡೆಯಾಚೆಯ ವಾರ್ಡಿನಲ್ಲಿ ಮಲಗಿದ್ದರು. ಶ್ವಾಸಕೋಶ ಸೋತಿತ್ತು. ಆಮ್ಲಜನಕದ ಮಷೀನು ಗೊರಗೊರ ಎನ್ನುತ್ತಿದ್ದಷ್ಟು ಹೊತ್ತು ಅವರ ಉಸಿರು. ಸಿಲಿಂಡರು ಮುಗಿದಿತ್ತು, ಹೊಸದನ್ನು ತರಬೇಕಾದ ಲಾರಿ ಘಾಟಿಯಲ್ಲಿ ಮಣ್ಣು ಕುಸಿದು ಕೆಳಗೇ ಉಳಿದಿತ್ತು. ಅದರ ಮೇಲೆ ಆರು ದಿನದ ಮೋಡ. ಫಲಕಗಳ ಮೇಲೆ ಬಿಸಿಲು ಬಿದ್ದದ್ದೇ ಇಲ್ಲ.

ಸಾಲು ಬದಲಿಸುವ ಮುನ್ನ ನಾನು ಗಂಟೆ ಬಾರಿಸಬೇಕು, ವಾರ್ಡಿನಿಂದ ದಮಯಂತಿ ಸಿಸ್ಟರ್ ಮರುಗಂಟೆ ಬಾರಿಸಬೇಕು, ಆಮೇಲಷ್ಟೇ ಹಿಡಿಗೆ ಕೈ ಹಾಕಬೇಕು. ಒಮ್ಮೆ ನನ್ನ ಬದಲು ಕಾವಲುಗಾರ ಹಿಡಿ ತಿರುಗಿಸಿದಾಗ ನಾನು ಮೇಸ್ತ್ರಿಯ ಮಂಚದ ಪಕ್ಕ ಇದ್ದೆ. ಮಷೀನು ನಿಂತದ್ದು ಎಂಟೇ ಎಣಿಕೆ. ಆದರೆ ಅದು ಮತ್ತೆ ಹದಕ್ಕೆ ಬರುವಷ್ಟರಲ್ಲಿ ಅವರ ತುಟಿ ನೀಲಿಗಟ್ಟಿತ್ತು, ಬೆರಳುಗಳು ಹೊದಿಕೆಯನ್ನು ಹಿಂಡುತ್ತಿದ್ದವು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮರುದಿನವೇ ಕುಲುಮೆಗೆ ಹೋಗಿ, ಅಳತೆ ಕೊಟ್ಟು, ಎರಡನೆಯ ಹಿಡಿ ಮಾಡಿಸಿಕೊಂಡು ಬಂದೆ. ಯಾರಿಗೂ ಹೇಳಲಿಲ್ಲ.

ನನ್ನ ಲೆಕ್ಕಾಚಾರ ಸುಲಭದ್ದಾಗಿತ್ತು. ಹಿರಿಯಕ್ಕನನ್ನು ಆರಿಸುವ ಮೊದಲೇ ಕಿರಿಯಕ್ಕನನ್ನು ಹಾಕಿಬಿಡುವುದು. ಆಮೇಲೆ ಹಿರಿಯಕ್ಕನನ್ನು ಬಿಡುವುದು. ನಡುವೆ ಮಷೀನು ನಿಲ್ಲುವ ಮಾತೇ ಇಲ್ಲ. ನಾನೇ ಜಾಣೆ ಎಂದು ಒಳಗೊಳಗೇ ಬೀಗಿದ್ದೆ.

ಆರನೆಯ ಮಧ್ಯಾಹ್ನ ಹಿರಿಯಕ್ಕನ ಮೀಟರಿನ ಮುಳ್ಳು ಕೆಂಪಿಗಿಳಿಯಿತು. ಕಿರಿಯಕ್ಕ ತುಂಬಿದ್ದಳು, ಕಷ್ಟಕಾಲಕ್ಕೆಂದು ಅವಳನ್ನು ಮುಟ್ಟದೆ ಕಾದಿರಿಸಿದ್ದೆ. ಅಭ್ಯಾಸದಿಂದ ಗಂಟೆ ಬಾರಿಸಿದೆ. ಮರುಗಂಟೆ ಬಂತು. ಸೆರಗಿನಡಿಯಿಂದ ಹೊಸ ಹಿಡಿ ತೆಗೆದು ಕಿರಿಯಕ್ಕನಿಗೆ ಸಿಕ್ಕಿಸಿ ತಿರುಗಿಸಿದೆ. ಗೋಡೆಯಾಚೆ ಮಷೀನು ಗೊರಗುಟ್ಟುತ್ತಲೇ ಇತ್ತು. ಗೆದ್ದೆ ಅನ್ನಿಸಿತು. ಹಿರಿಯಕ್ಕನನ್ನು ಆರಿಸುವುದನ್ನೂ ಮರೆತು ಆ ಸದ್ದನ್ನೇ ಕೇಳುತ್ತ ನಿಂತುಬಿಟ್ಟೆ.

ಎಂಟು ಎಣಿಸುವಷ್ಟು ಹೊತ್ತು ಕಳೆದಿರಬೇಕು. ತಂತಿಯಿಂದ ಸುಟ್ಟ ರಬ್ಬರಿನ ವಾಸನೆ ಬಂತು. ತುಂಬಿದ ಸಾಲಿನ ಶಕ್ತಿಯೆಲ್ಲ ಖಾಲಿಯಾದ ಸಾಲಿಗೆ ನುಗ್ಗುತ್ತಿತ್ತು. ಹಿರಿಯಕ್ಕನ ತಂತಿ ಕೆಂಪಗಾಯಿತು, ಕಿಡಿ ಹಾರಿತು, ಫಟ್ ಫಟ್ಟೆಂದು ಎರಡೂ ಫ್ಯೂಸುಗಳು ಸಿಡಿದವು. ಕೋಣೆ ತುಂಬ ಹೊಗೆ. ಮಷೀನಿನ ಸದ್ದು ನಿಂತಿತು.

"ಏನಾಯ್ತೇ? ಬೇಗ ಹಾಕೇ!" ಎಂದು ಸಿಸ್ಟರ್ ಕೂಗಿದ್ದು ಗೋಡೆ ದಾಟಿ ಬಂತು.

ಉಳಿದವಳು ಮುದುಕಿ ಒಬ್ಬಳೇ. ಹೊಸ ಹಿಡಿ ಕಿರಿಯಕ್ಕನಲ್ಲಿ ಕಚ್ಚಿಕೊಂಡು ಅಲುಗಲಿಲ್ಲ. ಹಿರಿಯಕ್ಕನಲ್ಲಿದ್ದ ಹಳೆಯ ಹಿಡಿಗೆ ಕೈ ಹಾಕಿದರೆ ಅದು ಕೆಂಡ. ಸೆರಗು ಸುತ್ತಿ ತಿರುಗಿಸಿ ಎಳೆದೆ. ಅಂಗೈ ಸುಟ್ಟದ್ದು ಆಗ ತಿಳಿಯಲಿಲ್ಲ. ಓಡಿ ಮುದುಕಿಗೆ ಸಿಕ್ಕಿಸಿ ತಿರುಗಿಸಿದೆ. ಮಷೀನು ಕೆಮ್ಮುತ್ತ ಶುರುವಾಯಿತು. ನಾನು ಎಣಿಸಿದ್ದು ನಲವತ್ತಮೂರು.

ವಾರ್ಡಿಗೆ ಹೋದಾಗ ಮೇಸ್ತ್ರಿ ಬದುಕಿದ್ದರು. ತುಟಿಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮೇಸ್ತ್ರಿಯ ಬೆನ್ನಿಗೆ ಒರಗಿಸಿದ ದಿಂಬು ಸರಿಮಾಡುತ್ತಿದ್ದ ಸಿಸ್ಟರ್ ನನ್ನ ಮುಖ ನೋಡಲಿಲ್ಲ.

"ಎರಡ್ನೇ ಹಿಡಿ... ಮಾಡಿಸ್ದೆ ಅಲ್ವಾ ಮಗಾ?" ಎಂದರು ಮೇಸ್ತ್ರಿ.

"ನಿಮಗೆ ಹೇಗೆ ಗೊತ್ತಾಯ್ತು?"

"ಗಂಟೆ ಆಯ್ತು. ಉಸಿರು ತುಂಬ್ಕೊಂಡು ಎಣಿಸ್ತಾ ಇದ್ದೆ. ಎಂಟಾದ್ರೂ... ಮಷೀನು ನಿಲ್ಲಲಿಲ್ಲ. ಆಗ್ಲೇ ತಿಳೀತು."

ನಾನು ಅತ್ತುಬಿಟ್ಟೆ. ಅವರು ಎದೆಯ ಮೇಲೆ ಕೈ ಇಟ್ಟು, ಮಾತು ಮಾತಿಗೂ ನಿಂತು ಹೇಳಿದರು: "ಆಗ ಮೂರು ಹಿಡಿ ಇದ್ವು. ಒಳಗೆ ಕಷ್ಟದ ಹೆರಿಗೆ. ಎಂಟು ಎಣಿಸೋ ತಾಳ್ಮೆ ನಂಗೂ ಇರ್ಲಿಲ್ಲ. ಒಟ್ಟಿಗೆ ಹಾಕ್ದೆ, ಮುದುಕಿ ಹಾಳಾದ್ಲು. ಆವತ್ತು ಕುಡಿದ ಹೊಗೇನೇ... ಇವತ್ತು ಇಲ್ಲಿ ಕೂತಿರೋದು."

ನನಗೆ ಅಳುವಿನ ನಡುವೆಯೇ ಸಿಟ್ಟು ಬಂತು. "ಹನ್ನೊಂದು ವರ್ಷ! ಒಂದ್ಸಲ ಬಾಯಿ ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮೇಸ್ತ್ರಿ?"

"ನಾಚ್ಕೆ ಕಣಮ್ಮ. ಗುರು ಅಂತಿದ್ದೆ ನೀನು." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು: "ಆ ಎಂಟಕ್ಕೆ ನಾನು ಹೆದರಿರ್ಲಿಲ್ಲ. ಆಚೆ ನೀನೂ ಎಣಿಸ್ತಿದೀಯ ಅಂತ ಗೊತ್ತಿತ್ತಲ್ಲ. ಹೋಗು, ಕಿರಿಯಕ್ಕನ ಫ್ಯೂಸ್ ಕಟ್ಟು. ಮುದುಕಿ ಒಂದು ಗಂಟೆ ಮೇಲೆ ತಡೆಯಲ್ಲ."

ಡಬ್ಬಿಯಲ್ಲಿ ಒಂದೇ ಒಂದು ಫ್ಯೂಸ್ ಉಳಿದಿತ್ತು. ಸುಟ್ಟ ಅಂಗೈಗೆ ಬಟ್ಟೆ ಸುತ್ತಿಕೊಂಡು, ಕಚ್ಚಿಕೊಂಡಿದ್ದ ನನ್ನ ಹಿಡಿಯನ್ನು ಸುತ್ತಿಗೆಯಿಂದ ಬಡಿದು ಬಿಡಿಸಿ, ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಕಿರಿಯಕ್ಕನ ಬ್ಯಾಟರಿಗಳಿಗೆ ಏನೂ ಆಗಿರಲಿಲ್ಲ. ಫ್ಯೂಸ್ ಕೂರಿಸಿ ಮುಗಿಸುವಷ್ಟರಲ್ಲಿ ಮುದುಕಿಯ ಮುಳ್ಳು ಕೆಂಪು ದಾಟಿ ತಳಕ್ಕಿಳಿದಿತ್ತು, ಮಷೀನಿನ ಸದ್ದು ಎಳೆಯತೊಡಗಿತ್ತು.

ಗಂಟೆ ಬಾರಿಸಿದೆ. ಮರುಗಂಟೆ ತಡವಾಗಿ ಬಂತು. ಹಿಡಿ ತಿರುಗಿಸಿ ಎಳೆದೆ. ಎಲ್ಲ ಸದ್ದೂ ನಿಂತಿತು.

ಆಗ ಗೋಡೆಯಾಚೆಯಿಂದ ಮೇಸ್ತ್ರಿಯ ದನಿ ಕೇಳಿಸಿತು. ಅವರು ಬಾಯಿಬಿಟ್ಟು ಎಣಿಸುತ್ತಿದ್ದರು. ನನಗೆ ಕೇಳಲಿ ಎಂದೇ. "ಒಂದು... ಎರಡು..." ನಾನು ಓಡಲಿಲ್ಲ, ಅವರ ಎಣಿಕೆಗೆ ಹೆಜ್ಜೆ ಇಟ್ಟೆ. "ಮೂರು... ನಾಲ್ಕು..." ಹಿಡಿಯ ಬಾಯಿ ಸಿಕ್ಕಿಸಿದೆ. ಸುಟ್ಟ ಅಂಗೈಯಿಂದ ಅದು ಜಾರಿತು. ಮತ್ತೆ ಸಿಕ್ಕಿಸಿದೆ. "ಐದು... ಆರು..."

ದನಿ ನಿಂತಿತು.

ನಾನು ಏಳು ಎಂದುಕೊಂಡೆ. ಎಂಟು ಎಂದುಕೊಂಡು ಹಿಡಿ ತಿರುಗಿಸಿದೆ. ಮಷೀನು ಗೊರಗುಟ್ಟಿತು. ಕೈಯನ್ನು ಹಿಡಿಯ ಮೇಲಿಂದ ತೆಗೆಯಲಾಗಲಿಲ್ಲ. ಗೋಡೆಗೆ ಕಿವಿಯಿಟ್ಟು ನಿಂತೆ. ಕಿಟಕಿಯಾಚೆ ಮೋಡ ಹಾಗೆಯೇ ಇತ್ತು. ಎಷ್ಟು ಹೊತ್ತೋ ತಿಳಿಯದು.

ಆಮೇಲೆ, ಮಷೀನಿನ ಸದ್ದಿನಡಿಯಿಂದ, ಬಿಟ್ಟ ಕೆಲಸ ಮುಗಿಸುವವರ ಹಾಗೆ, ಮೆಲ್ಲಗೆ ಅವರು ಎಂದರು: "ಏಳು... ಎಂಟು."