ರಿಬ್ಬನ್ನಿನ ಬಣ್ಣದ ಐಸ್‌ಕ್ರೀಮ್

ಗಿಣಿ ಮಾತಾಡದೆ ಹತ್ತಿರ ಹತ್ತಿರ ಒಂದು ವಾರವಾಗಿತ್ತು. ಬೆಳಗ್ಗೆ ಕಣ್ಣು ಬಿಟ್ಟಾಗಿನಿಂದ ರಾತ್ರಿ ನಿದ್ದೆ ಬರುವವರೆಗೆ ಬಾಯಿಗೆ ಬಿಡುವು ಕೊಡದ ಎಂಟು ವರ್ಷದ ಹುಡುಗಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಅದು. ಟಾನ್ಸಿಲ್ ಆಪರೇಷನ್ ಆದ ಮೇಲೆ ಗಂಟಲು ನೋಯುತ್ತಿದ್ದುದರಿಂದ ಅವಳು ತನ್ನದೇ ಒಂದು ಚಪ್ಪಾಳೆ ಭಾಷೆ ಮಾಡಿಕೊಂಡಿದ್ದಳು. ಒಂದು ಚಪ್ಪಾಳೆ ಅಂದರೆ ಹೌದು, ಎರಡು ಅಂದರೆ ಇಲ್ಲ. ಬಿಡದೆ ತಟ್ಟಿದರೆ ಮಾವನಿಗೆ ಬುದ್ಧಿ ಇಲ್ಲ ಎಂದರ್ಥ.

ಆ ದಿನ ಮನೆಯಲ್ಲಿ ಇದ್ದದ್ದು ಅವಳು ಮತ್ತು ಮಾವ, ಇಬ್ಬರೇ. ಗಿಣಿಯ ಅಮ್ಮನ, ಅಂದರೆ ಮಾವನ ಅಕ್ಕನ ರಜೆ ಮುಗಿದಿತ್ತು. ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಅವಳ ಕೆಲಸ. ಪಾಳಿ ಮುಗಿಯುವ ತನಕ ಫೋನು ಬೀರುವಿನಲ್ಲಿ ಇಡಬೇಕು. ಭಾವ ಲಾರಿ ತೆಗೆದುಕೊಂಡು ದೂರದೂರಿಗೆ ಹೋಗಿದ್ದ. ಹಾಗಾಗಿ ಅಕ್ಕ ತಮ್ಮನನ್ನು ಕರೆಸಿಕೊಂಡಿದ್ದಳು. ತಮ್ಮನಿಗೆ ಇನ್ನೂ ಮದುವೆಯಾಗಿರಲಿಲ್ಲ. ಬಣ್ಣದಂಗಡಿಯಲ್ಲಿ ಗೋಡೆಗೆ ಬಳಿಯುವ ಬಣ್ಣ ಬೆರೆಸುವುದು ಅವನ ಕೆಲಸ. ಗಿರಾಕಿಗಳು ಪರದೆಯ ತುಂಡೋ ಒಣಗಿದ ಹೂವೋ ತಂದು "ಇದೇ ಬಣ್ಣ ಬೇಕು" ಎಂದರೆ, ಅದೇ ಬಣ್ಣವನ್ನು ಡಬ್ಬಿಯಲ್ಲಿ ಇಳಿಸಿ ಕೊಡುತ್ತಿದ್ದ.

"ಮೆತ್ತಗಿರೋದು, ತಣ್ಣಗಿರೋದು ಏನು ಬೇಕಾದ್ರೂ ಕೊಡು. ಬಿಸಿ ಬೇಡ, ಖಾರ ಬೇಡ, ಗರಿಗರಿ ಬೇಡವೇ ಬೇಡ," ಎಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಲೇ ಹೇಳಿದ್ದಳು ಅಕ್ಕ. "ಫ್ರೀಜರಿನಲ್ಲಿ ಐಸ್‌ಕ್ರೀಮ್ ಮಷೀನಿನ ಬಟ್ಟಲು ನಿನ್ನೆಯೇ ಇಟ್ಟಿದೀನಿ. ಮಾಡ್ಕೊಡು, ಖುಷಿ ಪಡ್ತಾಳೆ."

ಆ ಮಷೀನು ಅನ್ನದ ಕುಕ್ಕರಿನಷ್ಟೇ ಇತ್ತು. ದಪ್ಪ ಗೋಡೆಯ ಬಟ್ಟಲು, ಅದರೊಳಗೆ ನಿಲ್ಲುವ ಪ್ಲಾಸ್ಟಿಕ್ ರೆಕ್ಕೆ, ಮೇಲೆ ಮೋಟಾರು ಇರುವ ಮುಚ್ಚಳ. ಮಾವ ಹಾಲು, ಕೆನೆ, ಸಕ್ಕರೆ ಕದಡಿ ತಣ್ಣಗಾಗಲು ಇಟ್ಟ. ಸ್ಟ್ರಾಬೆರಿ ಬೇಯಿಸಿ, ಬೀಜದ ಚೂರೂ ಗಂಟಲಿಗೆ ತಾಗಬಾರದೆಂದು ಸಣ್ಣ ಜರಡಿಯಲ್ಲಿ ಎರಡು ಸಲ ಸೋಸಿದ. ಬೆರೆಸಿದಾಗ ಬಂದದ್ದು ತಿಳಿ ಗುಲಾಬಿ. ಗಿಣಿ ಬಗ್ಗಿ ನೋಡಿ ಎರಡು ಚಪ್ಪಾಳೆ ತಟ್ಟಿದಳು.

"ಯಾಕೆ? ಚೆನ್ನಾಗಿದೆಯಲ್ಲೇ!"

ಅವಳು ತನ್ನ ಜಡೆಯನ್ನು ಮುಂದೆ ಎಳೆದು, ತುದಿಯಲ್ಲಿದ್ದ ಕಡುಗೆಂಪು ರಿಬ್ಬನ್ನು ತೋರಿಸಿದಳು.

"ಓಹೋ, ಈ ಬಣ್ಣ ಬೇಕಾ ಮೇಡಂಗೆ? ಯಾರ ಹತ್ರ ಕೇಳ್ತಿದೀರಿ ಗೊತ್ತಾ?"

ಅವನಿಗೆ ಹುಮ್ಮಸ್ಸು ಬಂತು. ಇನ್ನಷ್ಟು ಹಣ್ಣಿನ ರಸ ಹಾಕಿದ, ಸಾಲಲಿಲ್ಲ. ಬೀಟ್‌ರೂಟ್ ತುರಿದು ಹಿಂಡಿ ಚಮಚ ಚಮಚವಾಗಿ ಸುರಿದ. ಪ್ರತಿ ಸಲವೂ ರಿಬ್ಬನ್ನನ್ನು ಪಾತ್ರೆಯ ಅಂಚಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ. ಕೊನೆಗೆ ಗಿಣಿ ಒಂದೇ ಒಂದು ಚಪ್ಪಾಳೆ ತಟ್ಟಿದಳು. ಮಷೀನು ಗರ್ರೆಂದು ತಿರುಗತೊಡಗಿತು. ತಿರುಗುತ್ತಿರುವಾಗಲೇ ಸುರಿಯಬೇಕು, ಇಲ್ಲದಿದ್ದರೆ ಬಟ್ಟಲಿನ ಗೋಡೆಗೆ ಹೆಪ್ಪುಗಟ್ಟಿ ರೆಕ್ಕೆ ಸಿಕ್ಕಿಕೊಳ್ಳುತ್ತದೆ. ಸುರಿದ. ಕೆಂಪು ದ್ರವ ನಿಧಾನಕ್ಕೆ ದಪ್ಪವಾಗಿ, ಮಡಿಕೆ ಮಡಿಕೆಯಾಗಿ, ಕೊನೆಗೆ ಮೋಟಾರು ನರಳುವಷ್ಟು ಗಟ್ಟಿಯಾಯಿತು.

ಗಿಣಿ ಒಂದು ಬಟ್ಟಲು ತಿಂದಳು. ಇನ್ನೊಂದು ಕೇಳಿದಳು. ಅದನ್ನೂ ತಿಂದು, ಸೋಫಾದ ಮೇಲೆ ಮುದುರಿಕೊಂಡು ನಿದ್ದೆಹೋದಳು.

ಮಾವ ಪಾತ್ರೆ ತೊಳೆದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಅವಳ ಕಾಲಿನ ಮೇಲೆ ಬಿದ್ದಿತ್ತು. ನಿದ್ದೆಯಲ್ಲಿ ಅವಳು ಗುಟುಕರಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಗುಟುಕು. ಮತ್ತೆ. ಕನಸಿನಲ್ಲೂ ಐಸ್‌ಕ್ರೀಮ್ ತಿನ್ನುತ್ತಿದ್ದಾಳಲ್ಲ ಎಂದು ಅವನಿಗೆ ನಗು ಬಂತು.

ಇದ್ದಕ್ಕಿದ್ದಂತೆ ಅವಳು ಎದ್ದು ಕುಳಿತಳು. ಕಣ್ಣು ಅಗಲವಾಗಿದ್ದವು. ಕೈಯಿಂದ ಬಾಯಿ ಮುಚ್ಚಿಕೊಂಡಳು, ಆದರೆ ತಡೆಯಲಾಗಲಿಲ್ಲ. ಬೆರಳ ಸಂದಿಯಿಂದ ಕೆಂಪು ಚಿಮ್ಮಿ ಅಂಗಿಯ ಮೇಲೆ, ಸೋಫಾದ ಮೇಲೆ, ನೆಲದ ಮೇಲೆ ಬಿತ್ತು.

ಮಾವ ಕುರ್ಚಿಯಿಂದ ಎದ್ದ. "ಏನಿಲ್ಲ, ಏನಿಲ್ಲ ಪುಟ್ಟಿ," ಎನ್ನುತ್ತಾ ಅವಳನ್ನೆತ್ತಿ ಬಚ್ಚಲಿಗೆ ಓಡಿದ. ಬಿಳಿ ಬೇಸಿನ್ನಿನಲ್ಲಿ ಅವಳು ಮತ್ತೊಮ್ಮೆ ಕಾರಿದಳು. ಬೇಸಿನ್ನು ಕೆಂಪಾಯಿತು.

ಐಸ್‌ಕ್ರೀಮ್. ಐಸ್‌ಕ್ರೀಮೇ ಇರಬೇಕು. ಬಟ್ಟಲುಗಟ್ಟಲೆ ತಿಂದಿದ್ದಾಳೆ, ಹೊಟ್ಟೆ ತಡೆದಿಲ್ಲ. ಆದರೆ ಇದು ಐಸ್‌ಕ್ರೀಮೇನಾ? ಅವನು ಬಗ್ಗಿ ನೋಡಿದ. ಅಡುಗೆಮನೆಗೆ ಓಡಿ, ಉಳಿದಿದ್ದ ಐಸ್‌ಕ್ರೀಮಿನ ಡಬ್ಬಿ ತಂದು, ಚಮಚದಲ್ಲಿ ಒಂದಿಷ್ಟನ್ನು ಪಕ್ಕದಲ್ಲೇ ಹಾಕಿ ನೋಡಿದ. ಅದೇ ಬಣ್ಣ. ಬೆಳಕಿಗೆ ಸರಿದು ನೋಡಿದರೆ ಸ್ವಲ್ಪ ಬೇರೆ. ಇನ್ನೊಮ್ಮೆ ನೋಡಿದರೆ ಅದೇ. ನೂರು ಬಗೆಯ ಕೆಂಪನ್ನು ಕಣ್ಣಳತೆಯಲ್ಲೇ ಬೇರ್ಪಡಿಸುತ್ತಿದ್ದವನಿಗೆ ಇವೆರಡರಲ್ಲಿ ಯಾವುದು ಯಾವುದೆಂದು ತಿಳಿಯಲಿಲ್ಲ.

ಅಕ್ಕನಿಗೆ ಫೋನು ಮಾಡಿದ. ರಿಂಗಾಯಿತು, ಆಗುತ್ತಲೇ ಇತ್ತು. ಆಸ್ಪತ್ರೆಗೆ ಮಾಡಿದ. ಹೆಂಗಸಿನ ದನಿಯೊಂದು ಎಲ್ಲ ಕೇಳಿಸಿಕೊಂಡು, "ಕೆಂಪಗಿರೋದು ಏನಾದ್ರೂ ತಿಂದಿದ್ಲಾ?" ಎಂದಿತು.

"ಹೌದು ಮೇಡಂ. ಸ್ಟ್ರಾಬೆರಿ ಐಸ್‌ಕ್ರೀಮ್. ಬೀಟ್‌ರೂಟೂ ಹಾಕಿದ್ದೆ."

"ಕೆಂಪು ಕೊಡಬಾರದಿತ್ತು ಸರ್. ಈಗ ಹೇಗೆ ಹೇಳೋದು? ಟಾರ್ಚ್ ಹಾಕಿ ಗಂಟಲು ನೋಡಿ. ಬಾಯಿಗೆ ಬಂದದ್ದನ್ನ ನುಂಗಬೇಡ ಅನ್ನಿ, ಉಗುಳಿಸಿ. ಒಂಚೂರು ಅನುಮಾನ ಬಂದ್ರೂ ಕರ್ಕೊಂಡು ಬಂದ್ಬಿಡಿ."

ಅವನು ಟಾರ್ಚ್ ಹಾಕಿದ. "ಆ ಅನ್ನು ಪುಟ್ಟಿ." ಗಿಣಿ ಬಾಯಿ ತೆರೆದಳು. ಒಳಗೆ ನಾಲಿಗೆಯೂ ಕೆಂಪು, ಅಂಗುಳವೂ ಕೆಂಪು, ಹಲ್ಲಿನ ಸಂದಿಯೂ ಕೆಂಪು. ಗಾಯದ ಮೇಲಿನ ಬಿಳಿ ಹಕ್ಕಳೆಗೂ ಅವನೇ ಬೆರೆಸಿದ ಬಣ್ಣ ಹತ್ತಿತ್ತು. ಏನೂ ತಿಳಿಯಲಿಲ್ಲ.

ಗದ್ದಲ ಕೇಳಿ ಎದುರು ಮನೆಯ ಟೀಚರ್ ಬಂದರು. ನಿವೃತ್ತಿಯಾಗಿ ವರ್ಷಗಳಾದರೂ ಇಡೀ ಕಟ್ಟಡಕ್ಕೆ ಅವರು ಟೀಚರೇ. ಸೋಫಾ ನೋಡಿದರು, ಡಬ್ಬಿ ನೋಡಿದರು.

"ಅಯ್ಯೋ, ಇಷ್ಟು ತಿಂದ್ರೆ ಕಾರದೆ ಇನ್ನೇನಾಗತ್ತಪ್ಪ? ಹಗ್ಗ ನೋಡಿ ಹಾವು ಅಂತಿದೀಯ. ಮಗೂನ ಮಲಗಿಸು, ನೀನೂ ಕೂತ್ಕೊ."

ಅವನಿಗೆ ಆ ಮಾತನ್ನು ನಂಬುವ ಆಸೆಯಾಯಿತು. ಎಷ್ಟು ಆಸೆಯೆಂದರೆ, ಕುಳಿತೇಬಿಟ್ಟ. ಗಿಣಿಯನ್ನು ತೊಡೆಯ ಮೇಲೆ ಒರಗಿಸಿಕೊಂಡ. ಇನ್ನೊಂದು ಬಟ್ಟಲು ಕೇಳಿದ್ದಕ್ಕೇ ಹೀಗಾಯಿತು, ಬೈಯುತ್ತಾರೆ ಎಂಬ ಭಯ ಅವಳ ಮುಖದಲ್ಲಿತ್ತು.

ಆಗ ಅವಳು ಗುಟುಕರಿಸಿದಳು.

ಬಾಯಲ್ಲಿ ಏನೂ ಇರಲಿಲ್ಲ. ಮತ್ತೆ ಗುಟುಕು. ಗಂಟಲಿನ ಸಣ್ಣ ಉಬ್ಬು ಮೇಲೆ ಹೋಗಿ ಕೆಳಗಿಳಿಯಿತು. ಮತ್ತೆ. ನಿದ್ದೆಯಲ್ಲೂ ಇದನ್ನೇ ಮಾಡುತ್ತಿದ್ದಳಲ್ಲ! ತಾನು ನಕ್ಕದ್ದು ಇದಕ್ಕೇ ಅಲ್ಲವೇ?

"ಪುಟ್ಟಿ, ಏನು ನುಂಗ್ತಿದೀಯ?"

ಅವಳು ಭುಜ ಕುಣಿಸಿದಳು. ನಂತರ ಪಿಸುಗುಟ್ಟಿದಳು: "ಬರ್ತಾನೇ ಇದೆ ಮಾವ."

ಅವನು ಎದ್ದುನಿಂತ. "ಟೀಚರ್, ಒಂದು ಟವೆಲ್ ಕೊಡಿ. ಒಂದು ಪಾತ್ರೆ, ನೀರಿನ ಬಾಟ್ಲಿ. ನಾನು ಹೊರಟೆ."

ಟೀಚರ್ ಈ ಸಲ ಎದುರಾಡಲಿಲ್ಲ. ಕೇಳಿದ್ದನ್ನೆಲ್ಲ ಕೈಗೆ ಕೊಟ್ಟು, ಬಾಗಿಲು ತಾವೇ ಎಳೆದುಕೊಳ್ಳುವುದಾಗಿ ಹೇಳಿ, "ಅವಳಮ್ಮನಿಗೆ ಸ್ಟೇಷನ್ನಿಗೇ ಹೇಳಿಕಳಿಸ್ತೀನಿ, ನೀನು ಓಡು," ಎಂದರು. ಮಾವ ಗಿಣಿಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಇಳಿಯುವಾಗ ಕಾಲು ತಪ್ಪಿದರೆ ಎಂಬ ಇನ್ನೊಂದು ಹೆದರಿಕೆ ಸೇರಿಕೊಂಡು, ಗೋಡೆಗೆ ಮೈ ಉಜ್ಜುತ್ತಲೇ ಇಳಿದ.

ಬೀದಿ ತುದಿಯ ಟ್ಯಾಕ್ಸಿಯವನು ಮಗುವಿನ ಅಂಗಿ ನೋಡಿ ಹುಬ್ಬು ಗಂಟಿಕ್ಕಿದ. "ಸೀಟೆಲ್ಲ ಹಾಳಾಗತ್ತಲ್ಲ ಸ್ವಾಮಿ..." ಎನ್ನುತ್ತಿದ್ದವನು ಮಾವನ ಮುಖ ಕಂಡು ಮಾತು ನುಂಗಿದ. "ಹತ್ತಿ ಹತ್ತಿ."

ಕಾರಿನಲ್ಲಿ ಮಾವ ಅವಳನ್ನು ಮುಂದಕ್ಕೆ ಬಾಗಿಸಿ ಪಾತ್ರೆ ಹಿಡಿದ. "ನುಂಗಬೇಡ. ಒಂದು ಗುಟುಕು ನೀರು ಹಾಕ್ಕೊ, ಬಾಯಿ ಮುಕ್ಕಳಿಸು, ಉಗುಳು."

ಅವಳು ಉಗುಳಿದಳು. ತಿಳಿಗೆಂಪು ನೀರು. ಅವನಿಗೆ ಹೋದ ಉಸಿರು ಬಂದಂತಾಯಿತು. ಐಸ್‌ಕ್ರೀಮಾಗಿದ್ದರೆ ನೀರು ಬಿದ್ದಷ್ಟೂ ತೆಳುವಾಗಬೇಕು. "ಇನ್ನೊಂದು ಸಲ." ಇನ್ನೂ ತೆಳು. "ಟೀಚರ್ ಹೇಳಿದ್ದೇ ಸರಿ," ಎಂದು ತನಗೆ ತಾನೇ ಅಂದುಕೊಂಡ. "ಇನ್ನೊಂದೇ ಒಂದು ಸಲ ಪುಟ್ಟಿ."

ಮೂರನೆಯ ಸಲ ಬಂದದ್ದು ತೆಳುವಾಗಿರಲಿಲ್ಲ. ದಟ್ಟವಾಗಿತ್ತು, ಹೊಳೆಯುತ್ತಿತ್ತು, ಬೆಚ್ಚಗಿತ್ತು. ಪಾತ್ರೆಯ ತಗಡಿನಾಚೆಯಿಂದ ಆ ಬಿಸಿ ಅವನ ಅಂಗೈಗೆ ತಾಗಿತು. ಐಸ್‌ಕ್ರೀಮಿನ ನೆನಪೂ ಇಲ್ಲದ ಕೆಂಪು ಅದು.

"ಬೇಗ!" ಎಂದ ಮಾವ. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿದ್ದ. ಹಾರನ್ನಿನ ಮೇಲೆ ಒತ್ತಿದ ಕೈಯನ್ನು ಮತ್ತೆ ತೆಗೆಯಲೇ ಇಲ್ಲ. ಸಿಗ್ನಲ್ಲಿನಲ್ಲಿ ತಲೆ ಹೊರಗೆ ಹಾಕಿ, "ಮಗೂಗೆ ರಕ್ತ ಹೋಗ್ತಿದೆ, ದಾರಿ ಬಿಡ್ರೋ!" ಎಂದು ಕೂಗಿದ. ರಕ್ತ ಎಂಬ ಆ ಮಾತು ಕೇಳಿ ಗಿಣಿ ತಲೆಯೆತ್ತಿ ಮಾವನನ್ನು ನೋಡಿದಳು.

"ಅವನು ಸುಮ್ನೆ ಅಂದಿದ್ದು, ದಾರಿ ಸಿಗಲಿ ಅಂತ," ಎಂದ ಮಾವ. ಅವಳು ಎರಡು ಚಪ್ಪಾಳೆ ತಟ್ಟಲು ಕೈಯೆತ್ತಿದಳು. ಕೈಗಳು ಒಂದಕ್ಕೊಂದು ತಾಗಿದವು, ಸದ್ದು ಬರಲಿಲ್ಲ. ಮುಖ ಗೋಡೆಗೆ ಬಳಿದ ಸುಣ್ಣದಂತಾಗಿತ್ತು. ಮಾವ ಅವಳ ಬೆನ್ನು ಸವರುತ್ತಾ ಹೋದ. ಯಾರ್ಯಾರನ್ನೋ ಬೇಡಿಕೊಂಡ. ಏನು ಬೇಡಿಕೊಂಡನೆಂದು ಆಮೇಲೆ ಅವನಿಗೇ ನೆನಪಾಗಲಿಲ್ಲ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪಾತ್ರೆಯೊಳಗೆ ಒಂದು ಸಲ, ಗಂಟಲೊಳಗೆ ಒಂದು ಸಲ ನೋಡಿದರು. ಅಷ್ಟೇ. "ಥಿಯೇಟರ್ ಖಾಲಿ ಮಾಡಿಸಿ," ಎಂದು ಹಿಂದಿದ್ದ ನರ್ಸಿಗೆ ಹೇಳಿ, ಅವನತ್ತ ತಿರುಗಿದರು. "ಗಾಯ ಮತ್ತೆ ಬಿಟ್ಟುಕೊಂಡಿದೆ. ಹೊಲಿಗೆನೋ, ಸುಡೋದೋ ಮಾಡಿ ರಕ್ತ ನಿಲ್ಲಿಸ್ತೀವಿ. ತುಂಬಾ ನುಂಗಿದಾಳೆ. ನೀವು ತಂದೆನಾ?"

"ಮಾವ."

"ಸಹಿ ಹಾಕಿ."

ಗಿಣಿಯ ಸ್ಟ್ರೆಚರಿನ ಹಿಂದೆ ಅವನು ಬಾಗಿಲ ತನಕ ಓಡಿದ. ಬಾಗಿಲು ಮುಚ್ಚಿತು. ಅದರ ಗಾಜಿನಲ್ಲಿ ಅವನದೇ ಮುಖ ಕಾಣಿಸಿತು. ಗಲ್ಲದ ಮೇಲೆ ಕೆಂಪು ಗೆರೆಯಿತ್ತು. ಅದು ಯಾವುದರದೆಂದು ನೋಡುವ ಧೈರ್ಯವಿಲ್ಲದೆ ತೋಳಿನಿಂದ ಒರೆಸಿಕೊಂಡ.

ಅಕ್ಕ ಸಮವಸ್ತ್ರದಲ್ಲೇ ಓಡಿಬಂದಳು. ಎದೆಯ ಮೇಲಿನ ಕೌಂಟರಿನ ಬಿಲ್ಲೆ ಓರೆಯಾಗಿ ನೇತಾಡುತ್ತಿತ್ತು. "ಎಲ್ಲಿ? ಎಲ್ಲಿದಾಳೆ? ಏನು ಕೊಟ್ಟೆ ಅವಳಿಗೆ?"

ಅವನು ಹೇಳಿದ. ಮುಚ್ಚಿಡಲಿಲ್ಲ, ಸ್ಟ್ರಾಬೆರಿ, ಬೀಟ್‌ರೂಟ್, ರಿಬ್ಬನ್ನು, ನಿದ್ದೆಯಲ್ಲಿ ಗುಟುಕರಿಸುತ್ತಿದ್ದಾಗ ತಾನು ನಕ್ಕದ್ದು, ಎಲ್ಲವನ್ನೂ.

"ಕೆಂಪಾ?" ಅಕ್ಕನ ದನಿ ಏರಿತು. "ಕೆಂಪು ಕೊಟ್ಯಾ? ನಿನಗೇನು ತಲೆ ನೆಟ್ಟಗಿದೆಯಾ? ಅವರು ಸಾರಿ ಸಾರಿ ಹೇಳಿದ್ರು, ಕೆಂಪು ಮಾತ್ರ..." ಅಲ್ಲಿಗೆ ಮಾತು ಕಡಿಯಿತು. ಅವಳು ಅವನನ್ನೇ ನೋಡಿದಳು. "ನನಗೆ ಹೇಳಿದ್ರು," ಎಂದಳು ಮೆಲ್ಲಗೆ. "ನಿನಗೆ ನಾನು ಹೇಳಲಿಲ್ಲ. ಅಲ್ವಾ?"

ಇಬ್ಬರೂ ಬೆಂಚಿನ ಮೇಲೆ ಕುಳಿತರು. ಅಕ್ಕ ಅವನ ಕೈ ಹಿಡಿದುಕೊಂಡಳು. ಚಿಕ್ಕವರಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದಷ್ಟೇ ಬಿಗಿಯಾಗಿತ್ತು ಆ ಹಿಡಿತ. ಆ ಬಾಗಿಲಿನಿಂದ ಯಾರು ಹೊರಬಂದರೂ ಇಬ್ಬರೂ ಒಟ್ಟಿಗೆ ಏಳುತ್ತಿದ್ದರು, ಒಟ್ಟಿಗೆ ಕೂರುತ್ತಿದ್ದರು.

ಡಾಕ್ಟರಮ್ಮ ಬಂದಾಗ ಮಾತ್ರ ಇಬ್ಬರಿಗೂ ಏಳಲಾಗಲಿಲ್ಲ.

"ನಿಂತಿದೆ," ಎಂದರು ಅವರು, ಮುಖದ ಬಟ್ಟೆ ಕೆಳಗೆ ಎಳೆಯುತ್ತಾ. "ಹಕ್ಕಳೆ ಉದುರೋ ಹೊತ್ತಿನಲ್ಲಿ ಕೆಲವು ಮಕ್ಕಳಿಗೆ ಹೀಗಾಗತ್ತೆ. ಐಸ್‌ಕ್ರೀಮಿಂದ ಆಗಿದ್ದಲ್ಲ. ಆದ್ರೆ ಆ ಬಣ್ಣದಲ್ಲಿ ರಕ್ತ ಬಂದ್ರೂ ಗೊತ್ತಾಗಲ್ಲ, ಅದಕ್ಕೇ ನಾವು ಬೇಡ ಅನ್ನೋದು. ಐಸ್‌ಕ್ರೀಮೇ ಇರಬೇಕು ಅಂತ ಮಲಗಿಸಿದ್ದಿದ್ರೆ..." ಅವರು ವಾಕ್ಯ ಮುಗಿಸಲಿಲ್ಲ. "ಒಳ್ಳೇದಾಯ್ತು ಬಂದ್ರಿ."

ಮುಗಿಸದೆ ಬಿಟ್ಟ ಆ ವಾಕ್ಯ ಮಾವನ ಕಿವಿಯಲ್ಲಿ ಕುಳಿತುಬಿಟ್ಟಿತು. ನಾನು ಕುಳಿತಿದ್ದೆ. ಟೀಚರ್ ಹೇಳಿದರೆಂದು ಸೋಫಾದ ಮೇಲೆ ಕುಳಿತೇಬಿಟ್ಟಿದ್ದೆ. ಅವಳು ಪಿಸುಗುಟ್ಟದೆ ಹಾಗೇ ನಿದ್ದೆಹೋಗಿದ್ದರೆ?

ಸಂಜೆ ವಾರ್ಡಿನಲ್ಲಿ ಗಿಣಿ ಕಣ್ಣು ಬಿಟ್ಟಳು. ಅಕ್ಕ ಮಂಚದ ಅಂಚಿನಲ್ಲಿ ಕುಳಿತಿದ್ದಳು. ಮಾವ ಬಾಗಿಲ ಹತ್ತಿರವೇ ನಿಂತಿದ್ದ. ಹತ್ತಿರ ಹೋದರೆ ಮತ್ತೇನಾದರೂ ಆದೀತೆಂಬ ಅರ್ಥವಿಲ್ಲದ ಅಂಜಿಕೆ. ಗಿಣಿ ಬೆರಳು ಆಡಿಸಿ ಕರೆದಳು. ಅವನು ಹೋಗಿ ಬಗ್ಗಿದ.

"ಕಾರಲ್ಲಿ ನೀನು ಅಳ್ತಿದ್ದೆ," ಎಂದು ಪಿಸುಗುಟ್ಟಿದಳು.

"ಇಲ್ಲ ಕಣೇ. ಕಣ್ಣಿಗೆ ಧೂಳು ಬಿದ್ದಿತ್ತು."

"ಸುಳ್ಳು. ಮೂಗಿಂದಾನೂ ಬರ್ತಿತ್ತು."

"ಮಾತಾಡಬೇಡ ಅಂದಿದಾರೆ."

"ನೀನೇ ಮಾತಾಡಿಸ್ತಿದೀಯ."

ಅಕ್ಕ ನಗಲು ಹೋಗಿ, ಅಳು ಬಂದು, ಮುಖ ತಿರುಗಿಸಿಕೊಂಡಳು. ಮಾವ ಹೊದಿಕೆ ಸರಿಮಾಡಿ, ನೀರು ಕೇಳಿ ಬರುತ್ತೇನೆಂದು ಹೊರಗೆ ಬಂದ. ಮೊಗಸಾಲೆಯಲ್ಲಿ ನಾಲ್ಕು ಹೆಜ್ಜೆ ಇಟ್ಟ. ಗೋಡೆಗೆ ಒರಗಿ ಅಲ್ಲೇ ನೆಲದ ಮೇಲೆ ಕುಳಿತ. ಅತ್ತ ಬಂದ ನರ್ಸು, "ಏನಾಯ್ತು? ಯಾರನ್ನಾದ್ರೂ ಕರೀಲಾ?" ಎಂದು ಬಗ್ಗಿ ಕೇಳಿದಳು.

"ಬೇಡ ಸಿಸ್ಟರ್," ಎಂದ ಅವನು. "ಒಂಚೂರು ಕೂತಿರ್ತೀನಿ. ಆಮೇಲೆ ಎದ್ದು ಹೋಗ್ತೀನಿ."