ಹಿಡಿದವರು ಬಿಡುವ ತನಕ

ಹಸಿರು ಗೆರೆಯೊಂದು ಮಿನುಗಿ ಆರುತ್ತಿದೆ, ಮಿನುಗಿ ಆರುತ್ತಿದೆ, ಕಪ್ಪು ಪರದೆಯ ಎಡತುದಿಯಲ್ಲಿ, ಅದರ ಮೇಲೆ ಒಂದೇ ಒಂದು ಸಾಲು, ಜಾಬ್ ಡೇಟಾ ಸೆಟ್‌ಗಾಗಿ ಕಾಯುತ್ತಿದೆ, ಊಟ ಮುಗಿಸಿ ಬಂದಾಗಲೂ ಅದೇ ಸಾಲು, ಈಗಲೂ ಅದೇ, ಕಾಯುತ್ತಿದೆಯಂತೆ, ಅದಕ್ಕೇನು, ಅದಕ್ಕೆ ಮನೆಯಿಲ್ಲ ಮಠವಿಲ್ಲ, ಐದೂವರೆಯ ರೈಲಿಗೆ ಅಮ್ಮನನ್ನು ಹತ್ತಿಸಿಕೊಂಡು ಹೊರಟುಬಿಡುವ ಅಕ್ಕ ಇಲ್ಲ, ಇವಳಿಗೆ ಎಲ್ಲ ಇದೆ, ಆದರೂ ಇಲ್ಲಿ ಕೂತು ಪರದೆಗೆ ಮುಖ ಕೊಟ್ಟು — ಯಾರೋ ಆ ಡೇಟಾ ಸೆಟ್ಟನ್ನು, ವಿಳಾಸಗಳಿರುವ ಆ ಫೈಲನ್ನು, ಹಿಡಿದುಕೊಂಡು ಕೂತಿದ್ದಾರೆ, ಯಾರೇ ಆಗಲಿ, ಅವರ ಕೈ ಸೇದಿಹೋಗ. ಜಾಬ್ ಏನು ದೊಡ್ಡದಲ್ಲ, ವಿದ್ಯುತ್ ಕಂಪನಿಯ ಗ್ರಾಹಕರ ವಿಳಾಸಗಳನ್ನು ಓದಬೇಕು, ನಾಳೆ ಯಾವ ಬೀದಿಯಲ್ಲಿ ಕರೆಂಟ್ ಇರುವುದಿಲ್ಲ ಅನ್ನುವ ನೋಟಿಸುಗಳನ್ನು ಅಚ್ಚು ಹಾಕಬೇಕು, ಓಡತೊಡಗಿದರೆ ಚಹಾ ಆರುವುದರೊಳಗೆ ಮುಗಿಯುವಂಥದ್ದು, ನೋಟಿಸ್ ಹೊರಬಿದ್ದ ಮೇಲೆ ನೀವು ಹೊರಡಿ ಅಂತ ಮ್ಯಾನೇಜರ್ ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದಾರೆ, ಆಸ್ಪತ್ರೆ ಇರೋ ಬೀದಿ ಕಣ್ರೀ, ನಾಳೆ ನೋಡೋಣ ಅನ್ನೋ ಹಾಗಿಲ್ಲ. ಅನ್ನೋ ಹಾಗಿಲ್ಲ ಸರಿ, ಮಧ್ಯಾಹ್ನ ಅಕ್ಕ ಫೋನ್ ಮಾಡಿ ಅಂದದ್ದಕ್ಕೆ ಏನು ಹೇಳುವುದು, ಅಮ್ಮ ಒಂದು ತುತ್ತೂ ತಿಂದಿಲ್ಲ ಕಣೇ, ನೀನು ಬಂದು, ಹೋಗಿ ಬಾ ಅಂತ ಅಂದ್ರೇನೇ ಹೊರಡ್ತಾಳಂತೆ, ಬರ್ತೀಯೋ ಇಲ್ವೋ. ನೋಡ್ತೀನಿ ಅಂದಿದ್ದಳು. ಅಷ್ಟೇ ಅಂದಿದ್ದಳು.

ಬೆಳಿಗ್ಗೆ ಹೊಸ್ತಿಲ ಹತ್ತಿರ ಅಮ್ಮನ ಕೆಂಪು ಚೀಲ, ಒಂದು ಹಿಡಿಕೆ ಅಕ್ಕನ ಕೈಯಲ್ಲಿ, ಇನ್ನೊಂದು ಇವಳ ಮುಷ್ಟಿಯಲ್ಲಿ, ನಡುವೆ ಅಮ್ಮ, ಎರಡು ತಿಂಗಳಿಗೆ ತಾನೇ ಕೇಳ್ತಿರೋದು, ಅಂದಳು ಅಕ್ಕ, ನನಗೂ ಅಮ್ಮ ಅಲ್ವೇನೇ, ಅವಳ ಮಾತ್ರೆ ಯಾವುದು ಅಂತ ಗೊತ್ತಾ ನಿನಗೆ, ಇದು ಇವಳು, ಮಂಡಿಗೆ ಎಣ್ಣೆ ಹಚ್ಚೋದು ಗೊತ್ತಾ, ಹೇಳಿಕೊಟ್ರೆ ಗೊತ್ತಾಗುತ್ತೆ, ಹೇಳಿಕೊಟ್ಟಿದ್ದೀಯಾ ಯಾವತ್ತಾದ್ರೂ, ಆಮೇಲೆ ಅಮ್ಮ, ಬಿಡೇ, ಹಿಡಿಕೆ ಕಿತ್ತುಬರುತ್ತೆ, ಬಿಡು. ಅಕ್ಕನಿಗೇ ಅಂದದ್ದು ಅದು. ಅಕ್ಕನಿಗೆ ಹೇಳುವುದು ಬಿಟ್ಟು ಇನ್ಯಾರಿಗೆ. ಏನಾದ್ರೂ ಮಾಡ್ಕೊಂಡು ಸಾಯಿರಿ ಅಂತ ಇವಳು ಚಪ್ಪಲಿ ಮೆಟ್ಟಿ ಬಂದಳು, ಬಸ್ಸಿನಲ್ಲಿ ಯಾರೋ ಕಾಲು ತುಳಿದರು, ಇಲ್ಲಿ ಬಂದು ಕೂತಾಗಲೂ ತಲೆಯಲ್ಲಿ ಅದೇ ಜಗಳ, ಒಂದು ಚಿಕ್ಕ ಪ್ರೋಗ್ರಾಮಿನ ಪರೀಕ್ಷೆ ಇತ್ತು, ಮಾಡಿದಳು, ಅದು ಮುಗಿಯಿತು, ಆಮೇಲೆ ಈ ಜಾಬ್, ಆಮೇಲಿಂದ ಈ ಗೆರೆ, ಮಿನುಗಿ ಆರುತ್ತಿದೆ.

ನಿಧಾನಪ್ಪನೇ, ಅನುಮಾನವೇ ಇಲ್ಲ. ಪಕ್ಕದ ಕೋಣೆಯ ಪ್ರೋಗ್ರಾಮರ್, ಹೆಸರು ಬೇರೆ ಏನೋ ಇದೆ, ಆಫೀಸಿಗೆಲ್ಲ ಅವನು ನಿಧಾನಪ್ಪ, ಟರ್ಮಿನಲ್ ತೆರೆದಿಟ್ಟು ಚಹಾಕ್ಕೆ ಹೋದರೆ ಹೋದ ಹಾಗೆಯೇ, ಎಷ್ಟು ಸಲ ಹೇಳಿಲ್ಲ ಇವಳು, ಹೊಸಬರಿಗೆಲ್ಲ ಪಾಠ ಮಾಡುವವಳೂ ಇವಳೇ, ಪ್ರೋಗ್ರಾಮ್ ಓಡೋಕೆ ಮುಂಚೆ ಅದಕ್ಕೆ ಬೇಕಾದ ಡೇಟಾ ಸೆಟ್ ಹೆಸರು ಹೇಳಿ ಕೇಳ್ಕೋಬೇಕು, ಅಲೊಕೇಟ್ ಮಾಡೋದು ಅಂದ್ರೆ ಇಷ್ಟೇ, ಬರೀ ಓದೋದಾದ್ರೆ ಶೇರ್ ಅಂತ ಕೊಡಿ, ಹತ್ತು ಜನ ಒಟ್ಟಿಗೆ ಓದಬಹುದು, ಓಲ್ಡ್ ಅಂತ ಕೊಟ್ರೋ ಅದು ನಿಮ್ಮೊಬ್ಬರದೇ, ಬೇರೆಯವರೆಲ್ಲ ಬಾಗಿಲ ಹೊರಗೆ, ಕೆಲಸ ಆದ ಮೇಲೆ ಬಿಡೋದು ಕಲೀರಿ, ಹಿಡ್ಕೊಳ್ಳೋದು ಎಲ್ಲರಿಗೂ ಬರುತ್ತೆ. ಎದ್ದು ಹೋಗಿ ಅವನ ಮೇಜಿನ ಮುಂದೆ ನಿಂತಳು, ವಿಳಾಸದ ಫೈಲ್ ಬಿಡ್ರೀ, ಅರ್ಧ ದಿನ ಆಯ್ತು, ನಾನಾ, ನಾನು ಬೆಳಿಗ್ಗೆಯಿಂದ ಅದನ್ನ ಮುಟ್ಟೇ ಇಲ್ಲ ಮೇಡಂ, ಸುಳ್ಳು ಹೇಳ್ಬೇಡಿ, ಮೊದಲು ಲಾಗಾಫ್ ಮಾಡಿ, ನನ್ನ ಕೆಲಸ ಅರ್ಧಕ್ಕೆ ನಿಲ್ಲುತ್ತೆ, ನಿಲ್ಲಲಿ. ಪಾಪ, ಮಾಡಿದ, ಒಂದೊಂದೇ ಅಕ್ಷರ ಹುಡುಕಿ ಒತ್ತಿ. ಓಡಿ ಬಂದು ನೋಡಿದರೆ ಜಾಬ್ ಇನ್ನೂ ಕಾಯುತ್ತಿದೆ, ಗಡಿಯಾರ ಮಾತ್ರ ಕಾಯುತ್ತಿಲ್ಲ, ಈಗ ಹೊರಟರೂ ಸ್ಟೇಷನ್ ಮುಟ್ಟುವುದು ಕಷ್ಟ, ಅಳು ಬರುವಷ್ಟು ಸಿಟ್ಟು ಬಂತು, ಕೆಳಗಿನ ಮಷೀನ್ ರೂಮಿಗೆ ಫೋನ್ ಮಾಡಿದಳು.

ಆಪರೇಟರ್ ವಯಸ್ಸಾದವರು, ಮಾತು ಕಡಿಮೆ. ಯಾರು ಹಿಡಿದಿದ್ದಾರೆ ನೋಡಿ ಹೇಳಿ ಸಾರ್, ಅವರ ಸೆಷನ್ನೇ ಕಿತ್ತುಹಾಕಿ, ನಾನು ಜವಾಬ್ದಾರಿ. ಆ ಕಡೆ ಕೀಲಿ ಒತ್ತುವ ಸದ್ದು, ಏಸಿಯ ಗುಂಯ್ ಸದ್ದು. ಕಿತ್ತುಹಾಕ್ಲಾ ಮೇಡಂ. ಹಾಕಿ ಅಂದೆನಲ್ಲ, ಯಾರದು ಅದು. ಅವರು ಗಂಟಲು ಸರಿಮಾಡಿಕೊಂಡರು, ಮೇಡಂ, ಅದು ನಿಮ್ಮದೇ ಐಡಿ, ಬೆಳಿಗ್ಗೆಯಿಂದ ನೀವೇ ಹಿಡ್ಕೊಂಡಿದ್ದೀರಿ, ಓಲ್ಡ್ ಅಂತ ಕೊಟ್ಟಿದ್ದೀರಿ. ನಾನೇ ಹಿಡ್ಕೊಂಡಿದ್ದೀನಾ, ಇವಳ ದನಿ ಪಕ್ಕದ ಕೋಣೆಗೂ ಕೇಳಿಸಿತು. ಬಾಗಿಲಲ್ಲಿ ನಿಧಾನಪ್ಪ, ಲೋಟ ಹಿಡಿದು, ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದರಂತೆ ಅಂತ ಯಾರಿಗೂ ಅಲ್ಲದ ಹಾಗೆ ಹೇಳಿ ಹೋದ. ಬೆಳಿಗ್ಗೆಯ ಪರೀಕ್ಷೆ. ತಲೆ ತುಂಬ ಜಗಳ. ಅದೇ ವಿಳಾಸದ ಫೈಲನ್ನು ಬರೀ ಓದಬೇಕಾಗಿದ್ದ ಪ್ರೋಗ್ರಾಮಿಗೆ ಓಲ್ಡ್ ಅಂತ ಒತ್ತಿದ್ದು ಇದೇ ಬೆರಳು, ಮುಗಿದ ಮೇಲೆ ಬಿಡದೆ ಕೂತದ್ದೂ ಇವಳೇ, ತನ್ನ ಜಾಬನ್ನು ತಾನೇ ಬಾಗಿಲ ಹೊರಗೆ ನಿಲ್ಲಿಸಿ ಊರಿಗೆಲ್ಲ ಶಾಪ ಹಾಕುತ್ತ —

ಫ್ರೀ ಅಂತ ಒತ್ತಿದಳು, ಒಂದೇ ಪದ, ಪಕ್ಕದಲ್ಲಿ ಡೇಟಾ ಸೆಟ್ಟಿನ ಹೆಸರು, ಗೆರೆ ಒಮ್ಮೆ ಮಿನುಗಿತು, ಜಾಬ್ ಓಡಿತು, ಕೆಳಗೆಲ್ಲೋ ಪ್ರಿಂಟರ್ ಕರಕರ ಶುರುಮಾಡಿತು, ಇಷ್ಟೇ, ಇಷ್ಟು ಸುಲಭ. ಮೊಬೈಲ್ ಬಡಿದುಕೊಂಡಿತು, ಅಕ್ಕನದು, ಹಿಂದೆ ಗದ್ದಲ, ಪ್ಲಾಟ್‌ಫಾರ್ಮಿನಲ್ಲಿದ್ದೀವಿ, ರೈಲು ಬಂದು ನಿಂತಿದೆ, ಅಮ್ಮ ಬೆಂಚಿನಿಂದ ಏಳ್ತಿಲ್ಲ, ಚೀಲ ತೊಡೆ ಮೇಲಿಟ್ಕೊಂಡು ಕೂತಿದ್ದಾಳೆ, ನೀನು ಬರದಿದ್ರೆ ಬೇಡ, ಒಂದು ಮಾತು ಹೇಳೇ, ಫೋನ್ ಅವಳಿಗೆ ಕೊಡ್ತೀನಿ. ಅಮ್ಮನ ಉಸಿರು ಕಿವಿಗೇ ತಾಗುತ್ತಿದೆ, ಹೋಗಿ ಬಾ ಅಂದರಾಯಿತು, ಎರಡು ಪದ, ಬಾಯಿ ತೆರೆದಿದೆ, ಬೆಳಿಗ್ಗೆ ಬಿಡೇ ಅಂದಾಗ ಅಮ್ಮ ಅಕ್ಕನ ಕಡೆ ನೋಡುತ್ತಿರಲಿಲ್ಲ, ಅಕ್ಕ ಆಗಲೇ ಕೈ ಬಿಟ್ಟಿದ್ದಳು, ಅಮ್ಮ ನೋಡುತ್ತಿದ್ದದ್ದು ಇವಳನ್ನು, ಇವಳ ಕೈಯನ್ನು, ರೈಲಿನ ಸೀಟಿ, ಹೇಳೇ, ಕೆಂಪು ಹಿಡಿಕೆ, ಹೇಳೇ ಬೇಗ, ಕೆಂಪು ಹಿಡಿಕೆ, ಅದರ ಸುತ್ತ ಬೆರಳ ಗೆಣ್ಣು ಬೆಳ್ಳಗಾದ ತನ್ನದೇ ಮುಷ್ಟಿ