ಅಣ್ಣಮ್ಮನ ಅರವತ್ತು ಸಾವಿರ

ಉಳ್ಳವರಿಗೂ ಇಲ್ಲದವರಿಗೂ ಇರುವ ಅಂತರ ಎಷ್ಟೆಂದು ಅಳೆಯುವ ಸಮೀಕ್ಷೆಯಲ್ಲಿ ಶಾಂತಲಾಳಿಗೆ ಕೆಲಸ. ಮನೆಗೆ ತಿಂಗಳಿಗೆ ಎಷ್ಟು ಬರುತ್ತದೆಂದು ಕೇಳಬೇಕು, ಹೇಳಿದ್ದನ್ನು ಬರೆದುಕೊಳ್ಳಬೇಕು, ಎದುರಾಡುವಂತಿಲ್ಲ. ಬೆಳಿಗ್ಗೆ ಜಯನಗರದಲ್ಲಿ ಮೂರಂತಸ್ತಿನ ಮನೆಯ ಯಜಮಾನರು ಎರಡು ಕಾರುಗಳ ಮಧ್ಯೆ ನಿಂತು, "ಮೂವತ್ತು ಸಾವಿರ ಪೆನ್ಷನ್ ಅಷ್ಟೇಮ್ಮ, ಹೇಗೋ ನಡೀತಿದೆ" ಎಂದು ನಿಟ್ಟುಸಿರು ಬಿಟ್ಟಿದ್ದರು. ಆಹಾ, ಎಂಥ ಬಡತನ! ಅವಳು ಬರೆದುಕೊಂಡಳು.

ಮಧ್ಯಾಹ್ನ ಇಟ್ಟಮಡುವಿನಲ್ಲೊಂದು ಶೀಟಿನ ಮನೆ. ನಾಲ್ಕು ಮನೆಗಳಲ್ಲಿ ಅಡುಗೆ ಮಾಡುವ ಅಣ್ಣಮ್ಮ ಬಾಗಿಲಲ್ಲೇ ಪಿಸುಗುಟ್ಟಿದಳು: "ಮಗನಿಗೆ ಹೆಣ್ಣು ಕೊಡೋರು ಬಂದವ್ರೆ ಮೇಡಂ. ಹಿಂದಿನ ಎರಡು ಸಂಬಂಧ ಈ ಶೀಟ್ ನೋಡೇ ತಪ್ಪೋದ್ವು." ಒಳಗೆ ಚಾಪೆಯ ಮೇಲೆ ಹುಡುಗಿಯ ತಾಯಿ ಇಂದ್ರಾಣಿ ಸೂರನ್ನೇ ನೋಡುತ್ತ ಕೂತಿದ್ದಳು. ಅಣ್ಣಮ್ಮ ಶಾಂತಲಾಳಿಗೂ ಒಂದು ತಟ್ಟೆ ಕೇಸರಿಬಾತ್ ಕೊಟ್ಟಳು. ಪಾಪದ ಹೆಂಗಸು, ಬಂದವರನ್ನು ಬರಿಗೈಲಿ ಕಳಿಸುವವಳಲ್ಲ.

"ಆದಾಯ ಎಷ್ಟಮ್ಮ?"

"ಅರವತ್ತು ಸಾವಿರ" ಎಂದಳು ಅಣ್ಣಮ್ಮ, ಕಣ್ಣು ಮಿಟುಕಿಸದೆ.

ಇಂದ್ರಾಣಿ ಬಿಟ್ಟಾಳೆಯೆ? "ನಮ್ಮನೇಲೂ ಎಪ್ಪತ್ತಕ್ಕೆ ಮೋಸ ಇಲ್ಲ."

ಶಾಂತಲಾ ಕೇಸರಿಬಾತಿನ ತಟ್ಟೆ ಕೆಳಗಿಟ್ಟಳು. ಇನ್ನೊಮ್ಮೆ ಕೇಳಿದರೆ ಸಂಬಂಧ ಮುರಿಯುತ್ತದೆ. ಕೇಳದಿದ್ದರೆ ಜಯನಗರಕ್ಕಿಂತ ಇಟ್ಟಮಡುವೇ ಎರಡರಷ್ಟು ಶ್ರೀಮಂತ! ಹಾಳಾಗಲಿ ಲೆಕ್ಕ, ಹುಡುಗನ ಮದುವೆ ಆಗಲಿ ಎಂದುಕೊಂಡು ಅರವತ್ತೇ ಬರೆದು ಎದ್ದಳು.

ಬೀದಿಯ ತುದಿ ಮುಟ್ಟುವಷ್ಟರಲ್ಲಿ ಅಣ್ಣಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. "ಮೇಡಂ, ಅದನ್ನ ಅಳಿಸ್ಬಿಡಿ! ನಂದು, ಮಗಂದು ಸೇರಿ ಇಪ್ಪತ್ತೆರಡೇ. ಬೀಗಿತ್ತಿ ಮುಂದೆ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ನನ್ನಿಂದ ನಿಮ್ಮ ಲೆಕ್ಕ ಕೆಡಬಾರ್ದು."

ಅವಳ ಬೆನ್ನ ಹಿಂದೆಯೇ ಇಂದ್ರಾಣಿ ನಿಂತಿದ್ದಳು. ತಿರುಗಿ ನೋಡಿದ ಅಣ್ಣಮ್ಮನ ಮುಖ ಬಿಳಿಚಿತು. ಮುಗೀತು, ಮೂರನೆಯದೂ ಹೋಯ್ತು ಎಂದು ಶಾಂತಲಾಳಿಗೆ ಸಂಕಟವಾಯಿತು.

ಇಂದ್ರಾಣಿ ಏದುಸಿರು ಬಿಡುತ್ತ ಅಂದಳು: "ಎಪ್ಪತ್ತು ಅಂದ್ನಲ್ಲ ಅಕ್ಕ, ಅದ್ರಲ್ಲಿ ಐವತ್ತು ತೆಗೆದ್ಬಿಡಿ. ಅದನ್ನ ಹೇಳೋಕೇ ಹಿಂದೆ ಬಂದೆ."

"ಎಲಾ ಇವಳ!" ಅಣ್ಣಮ್ಮ ಬೀಗಿತ್ತಿಯ ಬೆನ್ನಿಗೊಂದು ಗುದ್ದಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಮಗಿಂತ ಎರಡು ಸಾವಿರ ಮೇಲೇ ಇದ್ದೀರಲ್ಲ, ಇನ್ನೇನು ಬೇಕು?" ಎಂದಳು ಇಂದ್ರಾಣಿ. "ಭಾನುವಾರ ಹುಡುಗನ್ನ ಕರ್ಕೊಂಡ್ ಬನ್ನಿ."

ಶಾಂತಲಾ ಅರವತ್ತನ್ನು ಅಳಿಸಿ ಇಪ್ಪತ್ತೆರಡು ಎಂದು ಬರೆದಳು. ಜಯನಗರದ ಮೂವತ್ತು ಮಾತ್ರ ಹಾಗೇ ಉಳಿಯಿತು. ಅಲ್ಲಿಂದ ಯಾರೂ ಅವಳ ಹಿಂದೆ ಓಡಿಬಂದಿರಲಿಲ್ಲ.